ಮೂರನೇ ಕೂಗು

ಗುಡಗೇರಿ ಟೇಶನ್ ಬಾಜೂಕ ನಮ್ಮ ತವರಮನಿ. ರೈಲು ಕೂಗಿದ ಹೊತ್ತಿಗೆ ಹಾಲು ಕಾಸೂದು, ರೈಲು ಕೂಗಿದ ಹೊತ್ತಿಗೆ ಸಾಲಿಗೆ ಹೋಗೂದು, ಹಂಗ ಬೆಳದಾಕಿ ನಾನು. ಅಂಥಾಕಿನ್ನ ನಮ್ಮಪ್ಪ ಎಪ್ಪತ್ತಮೂರರಾಗ ತಗೊಂಡು ಹೋಗಿ ನವಲಗುಂದದ ಕಡೆ ಎರಿ ಸೀಮ್ಯಾಗ, ಎರಡು ಹಳ್ಳದ ನಡುವ ಸಿಕ್ಕೊಂಡಿದ್ದ ಒಂದು ಊರಿಗೆ ಕೊಟ್ಟ. ಹೆಣ್ಣು ನೋಡೂದು, ಮನಿ ನೋಡೂದು ಎಲ್ಲಾ ಬ್ಯಾಸಗ್ಯಾಗ ಆಗಿತ್ತು. ಬ್ಯಾಸಗ್ಯಾಗ ಆ ಹಳ್ಳ ಅಂದ್ರ ಏನ್ರಿ, ಚಕ್ಕಡಿ ಇಳದು ಏರಿದ್ದೂ ಗೊತ್ತಾಗೂದಿಲ್ಲ, ತಳದಾಗ ಕುರಿ ಮೇಯತಿರತಾವ. ಇಲ್ಲಿ ನೀರು ಬರತೈತೇನು ಅಂತ ನಮ್ಮಪ್ಪ ಕೇಳಿದ್ದಕ್ಕ, ಮಳಿಗಾಲದಾಗ ಒಂದೀಟು ಬರತೈತ್ರಿ ಅಂದಿದ್ರಂತ ಬೀಗರು. ಆ ಒಂದೀಟು ಅನ್ನೂ ಮಾತು ನೆನಪಾದ್ರ ನನಗ ಇವತ್ತಿಗೂ ಸಿಟ್ಟು ಬರತೈತಿ.

ಮದಿವಿಯಾದ ವರ್ಷ ಆಷಾಢಕ್ಕ ತವರಿಗೆ ಬಂದಿದ್ದೆ. ಶ್ರಾವಣ ಹತ್ತಿದ ಮ್ಯಾಲೆ ನಮ್ಮನಿಯವರು ಬಂದು ಕರಕೊಂಡು ಹೊಂಟ್ರು. ಅಣ್ಣಿಗೇರಿ ತನಕ ಬಸ್ಸು, ಅಲ್ಲಿಂದ ಚಕ್ಕಡಿ. ಎರಿ ಮಣ್ಣು ಗಾಲಿಗೆ ಮೆತ್ತಿ ಮೆತ್ತಿ ಎತ್ತು ಕಾಲು ಕಿತ್ತಿಡದಂಗ ಆತು. ಕಡೀಕ ಚಕ್ಕಡಿ ಅಲ್ಲೇ ಬಿಟ್ಟು, ಚಪ್ಪಲಿ ಕೈಯಾಗ ಹಿಡಕೊಂಡು ನಡದ್ವಿ. ದಂಡಿಗೆ ಬಂದು ನೋಡತೀನಿ, ಕುರಿ ಮೇಯತಿದ್ದ ಜಾಗಾದಾಗ ರಾಡಿ ನೀರು ತುಂಬಿ ಹೊಂಟೈತಿ, ಅದರಾಗ ಬೇರುಸಹಿತ ಒಂದು ಜಾಲಿಗಿಡ ತಿರುಗಿಕೋತ ಹೊಂಟೈತಿ. ಇದು ಸಣ್ಣಹಳ್ಳ ಅಂದ್ರು. ದೊಡ್ಡಹಳ್ಳ ಊರಿನ ಆಚೀ ಕಡೆ ಐತಂತ. ಮ್ಯಾಲೆ ನೀರು ಹರದಾಡಿ ಎರಡೂ ಹಳ್ಳ ಕೂಡತಿದ್ವು, ಕೆಳಗಂತೂ ಕೂಡೇ ಕೂಡತಿದ್ವು. ಶ್ರಾವಣದಿಂದ ಹೆಚ್ಚು ಕಡಿಮಿ ದಸರಾದ ತನಕ ಊರು ನಡುಗಡ್ಡಿ.

ದಾಟೂದು ಕೊಪ್ಪರಿಗ್ಯಾಗ. ಬೆಲ್ಲ ಕಾಸೂ ಅಗಲ ಬಾಯಿ ಕೊಪ್ಪರಿಗಿ, ಯಾವ ಕಾಲಕ್ಕೋ ಯಾರೋ ಹಿರ್ಯಾರು ಕಲಘಟಗಿ ಕಡೆಯಿಂದ ತಂದು ಒಗದಿದ್ದು. ಊರಾಗ ಕಬ್ಬಿಲ್ಲ, ಬೆಲ್ಲಿಲ್ಲ, ಕೊಪ್ಪರಿಗಿ ಮಾತ್ರ ಐತಿ. ಮದಿವ್ಯಾಗ ಹುಗ್ಗಿ ಮಾಡಾಕ, ಮಳಿಗಾಲದಾಗ ಮಂದಿ ದಾಟಸಾಕ. ನನ್ನ ಮದಿವಿ ಹುಗ್ಗಿ ಮಾಡಿದ ಪಾತ್ರ್ಯಾಗ ನನ್ನನ್ನ ಕುಂಡ್ರಿಸಿ ನೀರಿಗೆ ಬಿಟ್ರು. ಎರಡೂ ದಂಡ್ಯಾಗ ಗಂಡಸರು ಹಗ್ಗ ಹಿಡದಿದ್ರು. ಊರ ಕಡೆ ದಂಡ್ಯಾಗ ಎಲ್ಲಾರಿಗೂ ಮುಂದ ನಿಂತು ಜಗ್ಗಿದಾವರು ನಮ್ಮ ಭಾವ, ನಮ್ಮನಿಯವರ ಅಣ್ಣ. ಅವರಿಗೆ ದಮ್ಮಿನ ಜಡ್ಡು. ಎರಡು ಸಲ ಜಗ್ಗತಿದ್ರು, ಮೂರನೇ ಸಲಕ್ಕ ನಿಂತು ಉಸಿರು ತಗೊಳ್ಳತಿದ್ರು. "ಹೆದರಬ್ಯಾಡವಾ, ಕಣ್ಣು ಮುಚ್ಚಕೋ, ಬಂದೇ ಬಿಟ್ಟಿ," ಅಂದ್ರು. ನಾ ಕಣ್ಣು ಮುಚ್ಚಿಕೊಂಡು ನಮ್ಮಪ್ಪನ್ನ ಬೈಕೋತ ಬಂದೆ.

ನಡುಗಡ್ಡಿ ಬಾಳೇವು ಅಂದ್ರ ಹಿಂಗಿತ್ತು ನೋಡ್ರಿ. ಮಿರಗ ಮಳಿ ಬೀಳೂದಕ್ಕಿಂತ ಮೊದಲ ಉಪ್ಪು, ಕಡ್ಡಿಪೆಟ್ಟಿಗಿ, ಚಿಮಣಿ ಎಣ್ಣಿ ನಾಕು ತಿಂಗಳಿಗಾಗೂವಷ್ಟು ತಂದಿಡಬೇಕು. ಬ್ಯಾರೆ ಊರಾಗ ಜ್ವಾಳ ನೆಲದೊಳಗ ಹಗೇದಾಗ ಇಡತಾರ, ಇಲ್ಲಿ ಹಗೇವಿಗೆ ನೀರು ಹೊಕ್ಕತೈತಿ ಅಂತ ಅಟ್ಟದ ಮ್ಯಾಲ. ಸಾಲಿ ಮಾಸ್ತರು ಆಚೆ ಸಿಕ್ಕೊಂಡ್ರ ಸಾಲಿ ಇಲ್ಲ, ಈಚೆ ಸಿಕ್ಕೊಂಡ್ರ ಮಾಸ್ತರಿಗೆ ಸಂಸಾರ ಇಲ್ಲ. ನಮ್ಮಪ್ಪ ಬರದ ಕಾಗದ ನಾಕೂ ಒಮ್ಮೆ ದಸರಾಕ್ಕ ಬಂದ್ವು. ಹಿಂದಮುಂದ ಓದಿದೆ. ಮೊದಲ ಒಡದದ್ದರಾಗ ನಮ್ಮ ಆಕಳಾ ಸತ್ತ ಮ್ಯಾಲಿನ ಸುದ್ದಿ ಇತ್ತು, ಕಡೀಕ ಒಡದದ್ದರಾಗ ಅದಕ್ಕ ಜಡ್ಡಾಗೇತಿ ಅಂತ ಇತ್ತು. ಎದಿ ಬಡಕೊಂಡು ನಕ್ಕಿದ್ದೆ ಆಗ.

ನಮ್ಮ ಮನಿ ದೊಡ್ಡಹಳ್ಳದ ದಂಡಿಗೆ, ಊರಾಗ ಕಡೇ ಮನಿ. ಹಳ್ಳ ಬಂದಾಗ ಆಚೀ ದಂಡ್ಯಾಗ ಯಾರರ ಬಂದ್ರ ಒಂದು ಬನ್ನಿಗಿಡದ ಬುಡಕ ನಿಂತು ಕೂಗತಿದ್ರು, "ಕಡೇ ಮನಿಯವ್ರೇ" ಅಂತ. ನಾವು ಓ ಅಂದು, ಹೊರಗ ಬಂದು, ಸುದ್ದಿ ಕೇಳಿ, ಯಾರಿಗೆ ಬಂದೈತೋ ಅವರಿಗೆ ಮುಟ್ಟಸಬೇಕು. ಹಡದ ಸುದ್ದಿ, ಸತ್ತ ಸುದ್ದಿ, ಎಲ್ಲಾ ನಮ್ಮ ಮನಿ ಬೆಳಕಿಂಡಿಯಿಂದ ಊರಾಗ ಇಳೀತಿದ್ವು. ಅದಕ್ಕೊಂದು ರಿವಾಜು ಇತ್ತು. ಒಂದು ಕೂಗಿಗೆ ಓ ಅನಬಾರದು, ಎರಡಕ್ಕೂ ಅನಬಾರದು, ಹಣಿಕಿ ಹಾಕೂದೂ ಬ್ಯಾಡ. ಮೂರನೇ ಕೂಗು ಬಂದ್ರ ಓ ಅನಬೇಕು. ಹಳ್ಳದಾಗ ಮುಳಗಿ ಸತ್ತಾವರು ನೀರು ಏರಿದಾಗ ದಂಡಿಗೆ ಬಂದು ಕೂಗತಾರಂತ, ಅದೂ ನಮ್ಮ ನಮ್ಮವರ ಧ್ವನಿ ತಗೊಂಡು. ಓ ಅಂದವರ ಮನ್ಯಾಗಿಂದ ಒಬ್ಬರನ್ನ ಕರಕೊಂಡು ಹೋಗತಾರಂತ. ಆದ್ರ ನೀರು ಕುಡದು ಸತ್ತಾವಗ ಮೂರನೇ ಕೂಗಿಗೆ ಉಸಿರು ಸಾಲೂದಿಲ್ಲ. ಹಂಗ ಹೇಳಿಕೊಟ್ಟಾಕಿ ನಮ್ಮತ್ತಿ. ಹಣಿ ತುಂಬ ಇಬತ್ತಿ, ಮುಂಜಾನೆ ಲಿಂಗಪೂಜಿ ಮುಗಿಯೂತನ ಬಾಯಾಗ ನೀರು ಹಾಕದಾಕಿ. ಮಾತು ಅಂದ್ರ ಕುಡಗೋಲು.

ನಾ ನಕ್ಕೆ. ಎಸ್ಸೆಸ್ಸೆಲ್ಸಿ ಪಾಸಾದಾಕಿ ನಾನು, ಆ ಊರಾಗ ಇಂಗ್ಲೀಷ್ ಅಕ್ಷರ ಬರತಿದ್ದ ಹೆಣ್ಣುಮಗಳು ನಾ ಒಬ್ಬಾಕೇ. ಸತ್ತಾವರಿಗೆ ಎಣಸಾಕ ಬರತೈತೇನು ಅತ್ತಿ, ಯಾವ ಸಾಲಿ ಕಲತಾರ ಅಂತ ಕೇಳಿದೆ. ಆಕಿ ನನ್ನ ಮಾರಿ ನೋಡಿ ಒಲಿ ಕಡೆ ಹೋದ್ಲು.

ಮರುವರ್ಷ ಶ್ರಾವಣದಾಗ ನನಗ ಏಳು ತಿಂಗಳು. ಒಂದು ದಿವಸ ಆಚೆಯಿಂದ ಯಾರೋ ಕೂಗಿದ್ರು. ಅತ್ತಿ ಕೈ ಎತ್ತಿ ಸುಮ್ಮನಿರು ಅಂತ ಸನ್ನಿ ಮಾಡಿದ್ಲು. ನಾ ಮುದ್ದಾಮ್ ಬಾಗಲಾ ತಗದು, ದೊಡ್ಡ ಧ್ವನಿಲೆ ಓ ಅಂದೆ. ಅಲ್ಲಿದ್ದಾಂವ ಕಳಕೊಂಡ ಹೋರಿಗರ ಕೇಳಾಕ ಬಂದಿದ್ದ ಒಬ್ಬ ರೈತ, ಅಷ್ಟೇ. ನೋಡ್ರಿ ಅತ್ತಿ, ನಿಮ್ಮ ದೆವ್ವಾ ಹೋರಿಗರ ಹುಡಕಾಕತ್ತೈತಿ ಅಂತ ಊರ ಮಂದಿ ಮುಂದ ಆಡಿಕೊಂಡು ನಕ್ಕೆ. ಹತ್ತು ದಿವಸಕ್ಕ ನನಗ ಬ್ಯಾನಿ ಸುರುವಾತು. ಎರಡೂ ಹಳ್ಳ ತುಂಬಿದ್ವು. ಕೊಪ್ಪರಿಗ್ಯಾಗ ಹಾಕಿ ನವಲಗುಂದ ದವಾಖಾನಿಗೆ ಸಾಗಸಬೇಕು ಅಂತ ಭಾವ ಹಗ್ಗ ತಗೊಂಡು ದಂಡಿಗೆ ಹೋಗಿ, ನೀರು ನೋಡಿ ತಿರುಗಿ ಬಂದ್ರು. ಸೂಲಗಿತ್ತಿ ತನ್ನ ಕೈಲಾದಷ್ಟು ಮಾಡಿದ್ಲು. ಹೆಣ್ಣು ಕೂಸು. ಅಳಲಿಲ್ಲ.

ಓ ಅಂದಿದ್ದಕ್ಕ ಹಿಂಗಾತು ಅಂತ ಓಣ್ಯಾಗಿನ ಹೆಣ್ಣಮಕ್ಕಳು ಅಂದ್ರು. ನಾ ಅವರ ಜೋಡಿ ಜಗಳಾಡಿದೆ. ಬಾಯಿಲೆ ಜಗಳಾಡಿದೆ, ಒಳಗ ನಂಬಿಕೊಂಡೆ. ಇದನ್ನ ಹೇಳಾಕ ನನಗ ಭಾಳ ನಾಚಿಕಿ. ಮುಂದಿನ ಮಳಿಗಾಲದಿಂದ ಬೆಳಕಿಂಡಿ ಕೆಳಗ ನಿಂತು ಬಟ್ಟು ಮಡಿಚಿ ಕೂಗು ಎಣಸಾಕ ಹತ್ತಿದ್ದೆ, ನಮ್ಮತ್ತಿಗಿಂತ ಹೆಚ್ಚಿಗಿ.

ಈಗ ಹೊಲದ ಮಾತು ಹೇಳಬೇಕು. ಎಪ್ಪತ್ತೈದರ ಬ್ಯಾಸಗ್ಯಾಗ ಅಣ್ಣತಮ್ಮರು ಬ್ಯಾರೆ ಆದ್ರು. ಜಗಳಿರಲಿಲ್ಲ, ನನಗೂ ನನ್ನ ನೆಗೆಣ್ಣಿಗೂ, ಅಂದ್ರ ಭಾವನ ಹೇಣತಿಗೂ, ಒಂದೇ ಒಲಿ ಮುಂದ ಹೊಂದಲಿಲ್ಲ, ಅಷ್ಟೇ. ಹಿರ್ಯಾರು ಕುಂತು ವಾಟ್ನಿ ಮಾಡಿದ್ರು. ನಮ್ಮ ಹೊಲ ದೊಡ್ಡಹಳ್ಳದ ಎರಡೂ ಕಡೆ ಇತ್ತು. ಹಳ್ಳದ ಈಚೇದು ತಮ್ಮಗ, ಆಚೇದು ಅಣ್ಣಗ ಅಂತ ಸ್ಟ್ಯಾಂಪ್ ಕಾಗದದಾಗ ಬರದ್ರು. ಸರಪಳಿ ಹಿಡದು ಅಳೀಲಿಲ್ಲ, ಬಾಂದಗಲ್ಲು ಹುಗೀಲಿಲ್ಲ. ಕಲ್ಲು ಹುಗದ್ರ ಯಾರರ ಸರಸತಾರ, ಹಳ್ಳಾ ಯಾರು ಸರಸತಾರ ಅಂದ್ರು ಹಿರ್ಯಾರು. ವರ್ಷಾ ಆ ಹಳ್ಳದ ಹಗರಣ ನೋಡಿದ ಮಂದಿ ಅದನ್ನ ನಂಬಿ ಗಡಿ ಮಾಡಿದ್ರಲ್ಲ, ಅದಕ್ಕೇನನ್ನೂಣು. ಭಾವ ಆಚೀ ಹೊಲದಾಗ ಎರಡಂಕಣದ ಮನಿ ಕಟ್ಟಿಕೊಂಡು ಹೇಣತಿ ಮಕ್ಕಳನ್ನ ಕರಕೊಂಡು ಹೋದ್ರು. ಬ್ಯಾಸಗ್ಯಾಗ ಸಂಜಿಮುಂದ ನಡಕೋತ ಬಂದು ಅವ್ವನ ಹಂತ್ಯಾಕ ಕುಂತು ಒಂದು ಬಟ್ಟಲ ಚಹಾ ಕುಡದು ಹೋಗತಿದ್ರು.

ಅದೇ ವರ್ಷ ಮಳಿಗಾಲದಾಗ ಹಳ್ಳ ಸರೀತು. ಮ್ಯಾಲೆ ಒಂದು ತಿರುವಿನಾಗ ದಂಡಿ ಕಡಕೊಂಡು, ಸೀದಾ ಹೊಸಾ ಹಾದಿ ಮಾಡಿಕೊಂಡು ಹೊಂಟಿತು. ನೀರು ಇಳದ ಮ್ಯಾಲೆ ನೋಡಿದ್ರ ಭಾವನ ಹೊಲದಾಗ ಎರಡು ಎಕರೆ, ಅದರ ಮ್ಯಾಲಿನ ಹಳೇ ಬನ್ನಿಗಿಡ, ಎಲ್ಲಾ ಈಚೀ ಕಡೆ. ಅಗದಿ ಚೊಲೋ ಎರಿ, ಹಳ್ಳ ತಂದು ಹಾಕಿದ ಗೋಡು ಬ್ಯಾರೆ. ನಮ್ಮನಿಯವರು ಕಾಗದ ತಗದು ನೋಡಿದ್ರು. ಹಳ್ಳದ ಈಚೇದು ತಮ್ಮಗ ಅಂತ ಬರದೈತಿ. ಹಿಂಗಾರಿಗೆ ಜ್ವಾಳ ಬಿತ್ತಿದ್ರು, ಮುಂದಿನ ಮುಂಗಾರಿಗೆ ಹೆಸರುಕಾಳು. ನಾನೂ ಬ್ಯಾಡ ಅನಲಿಲ್ಲ. ಬ್ಯಾಡ ಅನ್ನೂದಿರಲಿ, ಕಾಗದ ಅಂದ್ರ ಕಾಗದ ಅಂತ ಹುರುಪು ತುಂಬಿದಾಕಿ ನಾನೇ.

ಭಾವ ಒಮ್ಮೆ ಬಂದು ನಿಂತು ಆ ಬೆಳೀ ನೋಡಿದ್ರು. ಅಂವ ನನ್ನ ತಮ್ಮ, ಕೇಳಿದ್ರ ನಾನೇ ಕೊಡತಿದ್ದೆ ಅಂದ್ರಂತ. ಮತ್ತ ನಮ್ಮ ಹೊಸ್ತಲಾ ತುಳೀಲಿಲ್ಲ. ಎರಡು ವರ್ಷ ಮಾತಿಲ್ಲ, ಕತಿಯಿಲ್ಲ. ನಮ್ಮತ್ತಿ ದಿನಾ ಒಂದ ಸವನ ಹೇಳತಿದ್ಲು, ಆ ತುಕಡಿ ತಿರುಗಿ ಕೊಟ್ಟುಬಿಡ್ರಿ, ನಾ ಸಾಯೂದರಾಗ ಇಬ್ಬರೂ ಒಂದು ತಾಟಿನ್ಯಾಗ ಉಣ್ಣೂದು ನೋಡಬೇಕು ಅಂತ. ಆಕಿಗೆ ಬ್ಯಾರೆ ಏನೂ ಬೇಕಾಗಿರಲಿಲ್ಲ. ನಮ್ಮನಿಯವರು ಈ ವರ್ಷ, ಮುಂದಿನ ವರ್ಷ ಅಂತ ತಳ್ಳಿಕೋತ ಬಂದ್ರು.

ಎಪ್ಪತ್ತೇಳರಾಗ ನನಗ ಗಂಡು ಕೂಸು ಹುಟ್ಟಿತು, ತವರಾಗ, ಚಳಿಗಾಲದಾಗ. ಮಳಿಗಾಲ ಬರೂದರಾಗ ಅದಕ್ಕ ಆರು ತಿಂಗಳು ತುಂಬಿತ್ತು. ಆ ವರ್ಷ ಕೂಸಿನ್ನ ಒಂದು ಗಳಿಗೀನೂ ಕೆಳಗ ಬಿಡತಿರಲಿಲ್ಲ ನಾನು. ದೊಡ್ಡಹಳ್ಳ ತುಂಬಿತು ಅಂದ್ರ ಬಾಗಲಾ ಹಾಕಿಕೊಂಡು ಕುಂಡ್ರತಿದ್ದೆ.

ಆ ದಿವಸ ಮಧ್ಯಾಹ್ನ ಉಂಡು ಎದ್ದಿದ್ವಿ. ನಮ್ಮನಿಯವರು ಹೆಸರು ಮಾರಾಕ ಅಣ್ಣಿಗೇರಿಗೆ ಹೋದಾವರು ಸಣ್ಣಹಳ್ಳ ಏರಿದ್ದಕ್ಕ ಅಲ್ಲೇ ಸಿಕ್ಕೊಂಡು ನಾಕು ದಿವಸಾಗಿತ್ತು. ಮನ್ಯಾಗ ನಾನು, ಅತ್ತಿ, ತೊಟ್ಟಲದಾಗ ಕೂಸು. ಜಿಟಿಜಿಟಿ ಮಳಿ. ಅತ್ತಿ ಕೇರೂ ಮರದಾಗ ಜ್ವಾಳ ಹಸನ ಮಾಡಕೋತ ಕುಂತಿದ್ಲು. ಬೆಳಕಿಂಡಿಯಿಂದ ಕೂಗು ಇಳೀತು.

"ಯವ್ವಾ."

ಕಡೇ ಮನಿಯವ್ರೇ ಅನಲಿಲ್ಲ. ಯವ್ವಾ ಅಂತು. ಅತ್ತಿ ಮರ ಕೆಳಗಿಟ್ಲು. "ನನ್ನ ಹಿರೇಮಗ," ಅಂದ್ಲು, ಗಟ್ಟಿಸಿ. ಎದ್ದು ಬಾಗಲದ ಕಡೆ ಹೊಂಟ್ಲು. ನನಗೂ ಧ್ವನಿ ಗುರತು ಸಿಕ್ಕಿತ್ತು, ಸುಳ್ಳು ಯಾಕ ಹೇಳಲಿ. ಗುರತು ಸಿಕ್ಕಿದ್ದಕ್ಕೇ ಹೆಚ್ಚು ಹೆದರಿದೆ. ಎರಡು ವರ್ಷ ಮಾತಾಡದ ಮನಶಾ ಈಗ್ಯಾಕ ಬರತಾರ, ನಮ್ಮವರ ಧ್ವನಿ ತಗೊಂಡೇ ಬರತಾರಲ್ಲ ಅವು. ತೊಟ್ಟಲಾ ಬಿಟ್ಟು ಓಡಿ ಹೋಗಿ ಹಿಂದಿನಿಂದ ಅತ್ತಿ ಬಾಯಿ ಮುಚ್ಚಿದೆ, ನನ್ನ ಅಂಗೈಲೆ.

"ಬ್ಯಾಡ್ರಿ ಅತ್ತಿ. ನಿಮ್ಮ ಕಾಲಿಗೆ ಬೀಳತೀನಿ, ಮೂರಾಗಲಿ. ಮನ್ಯಾಗ ಕೂಸೈತಿ."

ಎರಡನೇ ಕೂಗು ಬಂತು. ಮೊದಲನೇದಕ್ಕಿಂತ ಸಣ್ಣಗ, ಎಳದು ಎಳದು ಬಂತು. ಅತ್ತಿ ಉಸಿರು ನನ್ನ ಅಂಗೈಗೆ ಬಿಸಿ ಬಿಸಿ ಹತ್ತತಿತ್ತು. ಆಕಿ ಹೊಲಾ ಹರಗಿದ ಜೀವ, ಮನಸ ಮಾಡಿದ್ರ ನನ್ನನ್ನ ಒಂದು ಕೈಲೆ ದೂಡತಿದ್ಲು. ದೂಡಲಿಲ್ಲ. ತೊಟ್ಟಲದ ಕಡೆ ನೋಡಿದ್ಲು. ಆಮ್ಯಾಲೆ ಇಬ್ಬರೂ ಹಂಗ ನಿಂತು ಮೂರನೇ ಕೂಗಿನ ಹಾದಿ ಕಾಯ್ದ್ವಿ. ಎಷ್ಟು ಹೊತ್ತು ನಿಂತ್ವಿ ಗೊತ್ತಿಲ್ಲ. ಮಳಿ ಸಪ್ಪಳ ಬಿಟ್ರ ಏನೂ ಬರಲಿಲ್ಲ.

ಕೈ ತಗದೆ. ನೋಡ್ರಿ, ಬರಲಿಲ್ಲ ಅಂದೆ. ನನ್ನ ಧ್ವನ್ಯಾಗ ಗೆದ್ದ ಖುಷಿ ಇತ್ತು, ಅದು ಇನ್ನೂ ನನ್ನ ಕಿವ್ಯಾಗ ಐತಿ. ಅತ್ತಿ ತಿರುಗಿ ಹೋಗಿ ಮರ ತಗೊಂಡು ಕುಂತ್ಲು. ಅದರಾಗಿನ ಜ್ವಾಳ ಆಗಲೇ ಹಸನಾಗಿತ್ತು, ಅದನ್ನೇ ಮತ್ತ ಮಾಡಿದ್ಲು.

ಆರು ದಿವಸಾದ ಮ್ಯಾಲೆ ಆಚೆಯಿಂದ ಒಬ್ಬ ಗಂಡಸು ಕೂಗಿದ. ಕಡೇ ಮನಿಯವ್ರೇ. ಒಂದು, ಎರಡು, ಮೂರು, ಸರಿಯಾಗಿ ಮೂರು. ನಾನೇ ಓ ಅಂದು ಹೊರಗ ಹೋದೆ. ನಿಮ್ಮ ಭಾವ ಬೆಳಗಾಮುಂಜಾನೆ ತೀರಕೊಂಡ್ರು ಅಂತ ಹೇಳಿದ. ದಮ್ಮು ಏರಿ ಹತ್ತು ಹನ್ನೆರಡು ದಿವಸ ಮಲಗಿದ್ರಂತ.

ಅಂದ್ರ ಆ ದಿವಸ ಅವರು ಇನ್ನೂ ಬದುಕಿದ್ರು, ಹಂಗಾರ ಆ ಕೂಗು ಅವರದೇ. ಒಳಗ ಹೋಗಿ ಅತ್ತಿಗೆ ಹೆಂಗ ಹೇಳೂದು ಅಂತ ತಿಳೀಲಿಲ್ಲ, ಆದ್ರ ಆಕಿ ನನ್ನ ಹಿಂದೇ ಬಂದು ನಿಂತಿದ್ಲು.

ಕೊಪ್ಪರಿಗಿ ಇಳಿಸಾಕ ಯಾರೂ ಒಪ್ಪಲಿಲ್ಲ, ಅಷ್ಟು ನೀರು. ನಮ್ಮನಿಯವರು ಅತ್ತಾಗ ಸಣ್ಣಹಳ್ಳದ ಆಚೆ. ಅಣ್ಣನ ಮಣ್ಣಿಗೆ ತಮ್ಮ ಇಲ್ಲ, ಅವ್ವ ಇಲ್ಲ. ನಮ್ಮ ಮಂದ್ಯಾಗ ಸತ್ತವರನ್ನ ಕುಂಡ್ರಿಸಿ ಒಯ್ಯತಾರ. ಸಂಜಿಗೆ ನಾವು ಈ ದಂಡ್ಯಾಗ ನಿಂತು ನೋಡಿದ್ವಿ. ಆಚೆ ಹೊಲದ ಬದುವಿನ ಮ್ಯಾಲೆ ನಾಕು ಮಂದಿ ಹೊತ್ತುಕೊಂಡು ಹೊಂಟಿದ್ರು, ಭಾವ ಹೂವಿನ ಮಾಲಿ ಹಾಕಿಕೊಂಡು, ಇಬತ್ತಿ ಹಚ್ಚಿಕೊಂಡು ಕುಂತಿದ್ರು. ದೂರದಿಂದ ಯಾರಿಗರ ಜೀವಂತ ಮನಶಾ ಅನಸಬೇಕು, ಹಂಗ. ಆಗ ನಮ್ಮತ್ತಿ ಓ ಅಂದ್ಲು. ಎದಿ ತುಂಬ ಉಸಿರು ತಗೊಂಡು, ಹಳ್ಳದ ಸಪ್ಪಳ ಮೀರಿ. "ಓ, ಮಗನ, ಬಂದ್ನೆಪಾ." ಹೊತ್ತವರು ಒಂದು ಗಳಿಗಿ ನಿಂತು ಈ ಕಡೆ ನೋಡಿದ್ರು, ಮತ್ತ ಮುಂದ ಹೋದ್ರು.

ನೀರು ಇಳದ ಮ್ಯಾಲೆ ನಾವು ಮೂವರೂ ಕೂಸು ಕಟ್ಟಿಕೊಂಡು ಆಚೆ ಹೋದ್ವಿ. ನಮ್ಮನಿಯವರು ಮಣ್ಣು ಕೊಟ್ಟ ಜಾಗಾದಾಗ ಕುಂತು ಅತ್ರು. ಒಳಗ ನೆಗೆಣ್ಣಿ ಆ ದಿವಸದ ಮಾತು ಸುರು ಮಾಡಿದ್ಲು. ಭಾವ ಅವ್ವನ್ನ ನೋಡಬೇಕು ಅಂತ ಹಠ ಮಾಡಿದ್ರಂತ. ಹೊಲದ ಮಾತು ತಗದಿರಲಿಲ್ಲಂತ, ಅವ್ವ ದಂಡಿಗೆ ಬಂದು ನಿಂತ್ರ ಸಾಕು, ದೂರದಿಂದ ಮಾರಿ ನೋಡಿ ಬರತೀನಿ ಅಂದ್ರಂತ. ಈಕಿ ಮಕ್ಕಳಿಗೆ ಉಣಾಕ ನೀಡೂದರಾಗ ಬಡಿಗಿ ಊರಿಕೋತ ಒಬ್ಬರೇ ಹೋಗಿಬಿಟ್ಟಿದ್ರು. ಈಕಿ ಹುಡಕಿಕೋತ ಹೋಗಿ ನೋಡಿದ್ರ ಕೆಸರಾಗ ಕುಂತಿದ್ರು, ಬಾಯಿ ತಗದು.

"ಮೂರನೇದು ಬರವಲ್ದು ಅಂದ್ರು," ಅಂದ್ಲು ನೆಗೆಣ್ಣಿ. "ನಾ ಕೂಗತೀನಿ ಅಂದೆ. ಬ್ಯಾಡ ಅಂದ್ರು. ಅವ್ವಗ ಎರಡು ಕೇಳಿರತಾವ, ಆಕಿ ಈಗ ಹೆದರಿ ಕುಂತಿರತಾಳ, ಇನ್ನ ಹೆದರಸಬ್ಯಾಡ ಅಂದ್ರು."

ನನಗ ಅಲ್ಲಿ ಕುಂಡ್ರಾಕ ಆಗಲಿಲ್ಲ. ಕೂಸಿಗೆ ಹಾಲು ಕುಡಸಬೇಕು ಅಂತ ನೆವ ಮಾಡಿ ಎತ್ತಿಕೊಂಡು ಹೊರಗ ಬಂದೆ. ಒಳಗ ಅತ್ತಿ ಏನೋ ಹೇಳತಿದ್ಲು, ಸಣ್ಣ ಧ್ವನಿಲೆ. ನನ್ನ ಹೆಸರು ಬಂದಂಗಾತು. ಹೇಳಲಿ, ಹೇಳೇ ಬಿಡಲಿ ಅಂದುಕೊಂಡೆ. ನೆಗೆಣ್ಣಿ ಹೊರಗ ಬಂದು ನನ್ನ ಕೂದಲಾ ಹಿಡದು ಎಳೀತಾಳ ಅಂತ ಕಾಯ್ದೆ. ಆಕಿ ಬಂದು ಕೂಸಿನ ಕೈಯಾಗ ಒಂದು ಬೆಲ್ಲದ ತುಣುಕು ಇಟ್ಟು ಒಳಗ ಹೋದ್ಲು.

ಆ ಎರಡು ಎಕರೆ ನಮ್ಮನಿಯವರು ಆ ವರ್ಷ ಬಿತ್ತಲಿಲ್ಲ. ಮೋಜಣಿಯವರನ್ನ ಕರಿಸಿ, ಹಳೇ ಹಳ್ಳ ಹರಿತಿದ್ದ ಗುರತು ಹಿಡದು ಬಾಂದಗಲ್ಲು ಹುಗದು ನೆಗೆಣ್ಣಿಗೆ ತಿರುಗಿ ಕೊಟ್ರು. ಈಗ ಎಲ್ಲಾರೂ ಕಲ್ಲು ಹುಗೀರಿ ಅಂದ್ರು, ಹಳ್ಳಾನ್ನ ನಂಬಬ್ಯಾಡ್ರಿ ಅಂದ್ರು. ಅದೇ ಹಿರ್ಯಾರು.

ನಮ್ಮತ್ತಿ ಮಾತ್ರ ಆಮ್ಯಾಲಿಂದ ಒಂದೇ ಕೂಗಿಗೆ ಓ ಅನ್ನಾಕ ಸುರು ಮಾಡಿದ್ಲು. ಆಚೆ ಯಾರೇ ಕೂಗಲಿ, ಕೂಗಿನ ಬಾಲ ಮುಗಿಯೂದರಾಗ ಈಕಿದು ಓ. ಊರ ಮಂದಿ ಹೆದರಿದ್ರು, ಬೈದ್ರು, ಮಮ್ಮಗನ ಜೀವ ತಗೀತಿ ಅಂದ್ರು. ಯಾರಿಗೂ ಏನೂ ಆಗಲಿಲ್ಲ. ನನ್ನ ಮಗ ಗುಂಡಕಲ್ಲಿನಂಗ ಬೆಳದ. ಬರಬರತ ಯಾರೂ ಕೂಗದಿದ್ರೂ ಓ ಅಂತಿದ್ಲು. ರೊಟ್ಟಿ ಬಡಿಯೂದು ಬಿಟ್ಟು, ಹಿಟ್ಟಿನ ಕೈಲೆ ಎದ್ದು ಹೋಗಿ ದಂಡ್ಯಾಗ ನಿಂದರತಿದ್ಲು. ಬ್ಯಾಸಗ್ಯಾಗ ಸುದ್ದಾ, ಹಳ್ಳದಾಗ ಕುರಿ ಮೇಯೂವಾಗ ಸುದ್ದಾ. ನಾ ಕಿವಿಗೊಟ್ಟು ಕೇಳತಿದ್ದೆ, ನನಗೇನೂ ಕೇಳಿಸತಿರಲಿಲ್ಲ. ಒಮ್ಮೊಮ್ಮೆ ಕೇಳಿಸಿದಂಗ ಆಗತಿತ್ತು, ಅದು ಇನ್ನೂ ಕೆಟ್ಟ.

ಆ ಮಧ್ಯಾಹ್ನದ ಬಗ್ಗೆ ಆಕಿ ನನಗ ಒಂದು ಮಾತೂ ಆಡಲಿಲ್ಲ. ಎರಡು ವರ್ಷ ಒಂದೇ ಸೂರಿನ ಕೆಳಗ ಇದ್ವಿ. ನಾ ಅದನ್ನ ಸಿಟ್ಟು ಅಂತ ತಿಳಕೊಂಡೆ. ಬಾಯಿಬಿಟ್ಟು ಬೈದಿದ್ರ ತಾಳತಿದ್ದೆ. ಬೈಲಿಲ್ಲ ಅಂತ ನಾನೇ ಸಣ್ಣ ಸಣ್ಣ ಮಾತಿಗೆ ಆಕಿ ಮ್ಯಾಲೆ ಹರಿಹಾಯತಿದ್ದೆ. ಸಾರಿಗೆ ಉಪ್ಪು ಹೆಚ್ಚಾತು ಅಂತ, ನೀರು ಚೆಲ್ಲಿದ್ರಿ ಅಂತ. ಆಕಿ ಕುಡಗೋಲಿನಂಥ ಬಾಯಿ ಎಲ್ಲಿ ಹೋಗಿತ್ತೋ, ಹೌದವಾ, ತಪ್ಪಾತು ಅಂತಿದ್ಲು.

ಎಪ್ಪತ್ತೊಂಬತ್ತರ ಚಳಿಗಾಲದಾಗ ಆಕಿ ಹೋದ್ಲು. ಹಳ್ಳದಾಗ ನೀರಿರಲಿಲ್ಲ. ನೆಗೆಣ್ಣಿ ನಡಕೋತ ಬಂದು ಎಲ್ಲಾ ತಾನೇ ನಿಂತು ಮಾಡಿದ್ಲು. ದಿನಕರ್ಮ ಮುಗದು ಮಂದಿ ಹೋದ ಮ್ಯಾಲೆ ಹಿತ್ತಲದಾಗ ಇಬ್ಬರೂ ಕುಂತು ಆ ಕೊಪ್ಪರಿಗಿ ತಿಕ್ಕತಿದ್ವಿ. ಇನ್ನ ಹೇಳಲಿಲ್ಲ ಅಂದ್ರ ನಾ ಬದುಕೂದಿಲ್ಲ ಅನಸಿತು. ಅಕ್ಕಾ, ಆ ದಿವಸ ಭಾವ ಕೂಗಿದಾಗ, ಅಂತ ಸುರು ಮಾಡಿದೆ. ಆಕಿ ಬೂದಿ ಹಿ‌ಡದ ಕೈ ಎತ್ತಿ ನನ್ನನ್ನ ತಡದ್ಲು.

"ಗೊತ್ತೈತಿ ತಂಗಿ. ಅತ್ತಿ ಆವತ್ತೇ ಹೇಳ್ಯಾಳ. ನೀ ಕೂಸಿನ್ನ ಕರಕೊಂಡು ಬಾಜೂ ಮನಿಗೆ ಹೋಗಿದ್ದೆಂತ. ತಾ ಒಬ್ಬಾಕೇ ಇದ್ಲಂತ, ಹೆದರಿಕೀಲೆ ಬಾಯಿ ಕಟ್ಟಿತಂತ. ಸಣ್ಣಾಕಿ ಮನ್ಯಾಗ ಇದ್ದಿದ್ರ ಒಂದೇ ಕೂಗಿಗೆ ಓ ಅಂತಿದ್ಲು, ಆಕಿ ಕಲತಾಕಿ, ಇಂಥಾದ್ದು ನಂಬೂದಿಲ್ಲ ಅಂತ ಹೇಳಿ ಅತ್ಲು."

ನಾ ಬಾಯಿ ತಗದೆ. ಅತ್ತಿ ಬಾಯಿ ಮುಚ್ಚಿದ್ದು ನಾನು, ಈ ಕೈಲೆ ಅಂತ ಹೇಳಾಕ ತಗದೆ. ಧ್ವನಿ ಹೊರಗ ಬರಲಿಲ್ಲ. ನೆಗೆಣ್ಣಿ ನನ್ನ ಬೆನ್ನು ಸವರಿದ್ಲು, ಅಳಬ್ಯಾಡ ಅಂದ್ಲು, ಮತ್ತ ಕೊಪ್ಪರಿಗಿ ತಿಕ್ಕಾಕ ಹತ್ತಿದ್ಲು.

ಈಗ ದೊಡ್ಡಹಳ್ಳಕ್ಕ ಸೇತುವಿ ಆಗೇತಿ. ಮಳಿಗಾಲದಾಗೂ ಬಸ್ಸು ಊರ ಮುಂದ ಬಂದು ನಿಂದರತೈತಿ. ನಾವು ಹುಬ್ಬಳ್ಳ್ಯಾಗ ಇರತೀವಿ. ನೆಗೆಣ್ಣಿಗೆ ಎಂಬತ್ತು ದಾಟೈತಿ, ಕಣ್ಣು ಮಸಕಾಗ್ಯಾವ, ಕಿವಿ ಇನ್ನೂ ಚುರುಕ ಅದಾವ. ವರ್ಷಕ್ಕೊಮ್ಮೆ ಹೋಗತೀನಿ. ಈ ಸಲ ಹೇಳೇ ಬರತೀನಿ ಅಂತ ಹೋಗತೀನಿ. ಹೋದ ತಿಂಗಳಾನೂ ಹೋಗಿದ್ದೆ. ಉಂಡೆ, ಎಲಿ ಅಡಿಕಿ ಹಾಕ್ಕೊಂಡೆ, ಮಕ್ಕಳ ಮಮ್ಮಕ್ಕಳ ಸುದ್ದಿ ಮಾತಾಡಿದೆ, ಎದ್ದು ಬಂದೆ.

ಬಸ್ಸಿನ ಪಾವಟಿಗಿ ಮ್ಯಾಲೆ ಕಾಲಿಟ್ಟಿದ್ದೆ, ಹಿಂದಿನಿಂದ ತಂಗೀ ಅಂತ ಕೂಗಿದ್ಲು. ಒಂದೇ ಕೂಗಿಗೆ ಓ ಅಂದೆ. ಆಕಿ ಗ್ವಾಡಿ ಹಿಡಕೋತ ಬಂದು ಒಂದು ಸಣ್ಣ ಗಂಟು ನನ್ನ ಕೈಯಾಗ ಇಟ್ಲು. ಬನ್ನಿಗಿಡದ ಹೊಲದ ಹೆಸರುಕಾಳು, ನಿನಗ ಸೇರತಾವಲ್ಲ ಅಂದ್ಲು. ತಗೊಂಡು ಬಂದೀನಿ. ಅಡಿಗಿಮನಿ ಗ್ವಾಡಿ ಮಾಡದಾಗ ಇಟ್ಟೀನಿ, ಗಂಟು ಇನ್ನೂ ಬಿಚ್ಚಿಲ್ಲ.